ವಿಲೇವಾರಿ

ನೆಲಮಾಳಿಗೆಯ ಟ್ಯೂಬ್‌ಲೈಟು
ಹತ್ತುವ ಮುನ್ನ ನಾಲ್ಕು ಸಲ ಯೋಚಿಸುತ್ತದೆ.
ಮೇಲೆ ಹಡ್ಸನ್ ಸರ್ಕಲ್ಲಿನಲ್ಲಿ ಬಸ್ಸು ತಿರುಗಿದರೆ
ಕೆಳಗೆ ನನ್ನ ಧೂಳು ಒಂದಿಷ್ಟು ಜರುಗಿ ಕೂರುತ್ತದೆ.

ಎ ಅಂದರೆ ಶಾಶ್ವತ.
ಬಿ ಮೂವತ್ತು ವರ್ಷ, ಸಿ ಹತ್ತು, ಡಿ ಐದು,
ಇ ಒಂದೇ ವರ್ಷ, ಚೆಂಡುಹೂವಿನ ಗಿಡದ ಹಾಗೆ.
ಯಾವುದು ಯಾವುದೆಂದು ಹೇಳುವವರು ಮೇಲಿದ್ದಾರೆ.
ನಾನು ಟೇಪು ಬಿಚ್ಚುವವನು, ಕಟ್ಟುವವನು, ಕೆಮ್ಮುವವನು.

ಶಾಶ್ವತದಲ್ಲಿ ಏನೇನಿದೆ ಗೊತ್ತೆ?
ಯಾರೋ ದೊರೆಯ ಕುದುರೆಲಾಯಕ್ಕೆ ಹಾಸಿದ ಕಲ್ಲಿನ ಲೆಕ್ಕ,
ಒಂದು ಕೆರೆಯನ್ನು ಮೈದಾನವೆಂದು ತಿದ್ದಿದ ಆದೇಶ.
ಆ ಮೊಹರಿಗೆ ಗೆದ್ದಲೂ ಹೆದರುತ್ತದೆ.
ಒಂದು ವರ್ಷದ ಗಂಟಿನಲ್ಲಿ
'ನಮ್ಮ ಬೀದಿಗೆ ದೀಪವಿಲ್ಲ ಸ್ವಾಮಿ, ಹೆಣ್ಣುಮಕ್ಕಳಿರುವ ಮನೆ.'

ತಿಂಗಳ ಕೊನೆಗೆ ಜಾಗ ಖಾಲಿಯಾಗಬೇಕು.
ಸ್ಕ್ಯಾನಿಂಗಿಗೆ ಇಬ್ಬರು ಹುಡುಗರು ಬಂದಿದ್ದಾರೆ, ಎ ಮತ್ತು ಬಿ ಮಾತ್ರ.
ಉಳಿದದ್ದು ಕಾಗದದ ಗಿರಣಿಗೆ, ಕಿಲೋ ಲೆಕ್ಕದಲ್ಲಿ.

ಇತಿಹಾಸದ ಮೇಡಂ ಒಬ್ಬರು ಮೂಗಿಗೆ ಸೆರಗು ಹಿಡಿದು ಬಂದರು:
'ಒಂದು ಚೀಟಿಯೂ ಹೋಗಕೂಡದು.'
ಲೆಕ್ಕಾಧಿಕಾರಿ ಎರಡು ಸಲ ಸೀನಿದರು:
'ಸತ್ತವರನ್ನೆಲ್ಲ ಕೂರಿಸಿಕೊಂಡರೆ
ಬದುಕಿದವರಿಗೆ ಕುರ್ಚಿ ಎಲ್ಲಮ್ಮಾ?'
ಇಬ್ಬರ ಮಾತೂ ನನಗೆ ಸರಿ ಕಂಡಿತು.
ಇಬ್ಬರೂ ಊಟಕ್ಕೆ ಹೋದರು.

ಹೋಗುವಾಗ ಮೇಡಂ ಒಂದು ಮಾತು ಬಿಟ್ಟುಹೋದರು:
ಕಡತ ಅಂದರೆ ಹಿಂದೆ ಬಟ್ಟೆಯಂತೆ,
ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ
ಬಳಪದಲ್ಲಿ ಬರೆಯುತ್ತಿದ್ದರಂತೆ.
ಬೇಡವಾದರೆ ಒರೆಸಿ, ಮತ್ತೆ ಬರೆಯುತ್ತಿದ್ದರಂತೆ.
ಇಷ್ಟು ವರ್ಷ ಹೊತ್ತೆ,
ಈ ಪದಕ್ಕೆ ಒರೆಸುವುದೂ ಗೊತ್ತಿತ್ತೆಂದು ಯಾರೂ ಹೇಳಿರಲಿಲ್ಲ.

ಸಂಜೆ, ಡಿ ವರ್ಗ, ಎಪ್ಪತ್ತೊಂದನೇ ಇಸವಿ.
ದಾರ ಕಿತ್ತ ಒಂದು ಹಾಳೆ:
'ಓಬುಳಮ್ಮನ ಮಂಕರಿ ಒಡೆದಿದೆ, ತಲೆ ಮೇಲೆ ಸೋರುತ್ತದೆ,
ಹೊಸದು ಕೊಡಿಸಬೇಕಾಗಿ ಪ್ರಾರ್ಥನೆ.'
ಹೆಸರಿನ ಮುಂದೆ ಒಂದು ಪದವಿದೆ,
ಅದನ್ನು ನಾನಿಲ್ಲಿ ಬರೆಯುವುದಿಲ್ಲ.
ಅಂಚಿನಲ್ಲಿ ಹಸಿರು ಶಾಯಿ: 'ಸದ್ಯ ಸಾಧ್ಯವಿಲ್ಲ.'
ಕೆಳಗೆ ಹೆಬ್ಬೆಟ್ಟು, ನಡುವೆ ಓರೆಯಾಗಿ ಒಂದು ಬಿಳಿ ಗೆರೆ,
ಗಾಜು ಕೊಯ್ದ ಗಾಯ.
ಆ ಗೆರೆ ನನ್ನ ಕೆನ್ನೆಗೆ ಗೊತ್ತು.

ಅವಳದು ಕಸ ವಿಲೇವಾರಿ, ನನ್ನದು ಕಡತ ವಿಲೇವಾರಿ.
ಸರ್ಕಾರಕ್ಕೆ ಇಬ್ಬರಿಗೂ ಸೇರಿ ಒಂದೇ ಪದ ಸಾಕಾಯಿತು.

ಕೆಲಸ ಮುಗಿದ ದಿನ ಅಮ್ಮ
ನಂಬರು ಕೊರೆದ ಹಿತ್ತಾಳೆ ಬಿಲ್ಲೆಯನ್ನು
ಸೇತುವೆ ಮೇಲಿಂದ ವೃಷಭಾವತಿಗೆ ಎಸೆದಳು.
'ಅದು ನಿನ್ನ ಮಕ್ಕಳ ಬಾಯಿಗೆ ಬರಬಾರದು' ಅಂದಳು.
ಕೈ ತೊಳೆಯಲು ನಲ್ಲಿ ಹುಡುಕಿದಳು.

ಫೋನಿನಲ್ಲಿ ಮಗಳು, ಲಾ ಓದುತ್ತಿದ್ದಾಳೆ:
'ಎಸೀಬೇಡಪ್ಪಾ, ಅದು ಸಾಕ್ಷಿ.'
ಅಜ್ಜಿಗೆ ಅದು ಸಾಕಾಗಿತ್ತು, ಮೊಮ್ಮಗಳಿಗೆ ಸಾಕ್ಷಿ.
ನಡುವೆ ನಾನು, ಬಗಲಲ್ಲಿ ಗೋಂದಿನ ಡಬ್ಬಿ.

ಸುಡಲಿಲ್ಲ. ಮನೆಗೂ ಒಯ್ಯಲಿಲ್ಲ.
ಕೆರೆಯನ್ನು ಮೈದಾನ ಮಾಡಿದ ಆ ಕಡತದಲ್ಲಿ,
ಪುಟ ನಲವತ್ತು ಮತ್ತು ನಲವತ್ತೊಂದರ ಸಂದಿಯಲ್ಲಿ
ಅಮ್ಮನನ್ನು ಕೂರಿಸಿ ದಾರ ಬಿಗಿದೆ.
ಕೆರೆ ಹುಡುಕಿ ಬಂದವರಿಗೆ ಸಿಕ್ಕರೆ ಸಿಗಲಿ,
ನಮ್ಮ ಜಾತಿ ಹುಡುಕಿ ಬಂದವರಿಗೆ ಬೇಡ.

ನಾಲ್ಕು ಗಂಟೆಗೆ ಲಾರಿ ಬಂತು.
ಒಂದು ಹಾಳೆ ಕಡಿಮೆಯಾದದ್ದು ತಕ್ಕಡಿಗೆ ತಿಳಿಯಲಿಲ್ಲ.
ನಾಳೆ ಆ ಹುಡುಗ, ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡು,
ಯಾವ ಪುಟವೆಂದು ನೋಡದೆ ಗಾಜಿನ ಮೇಲೆ ಮಗುಚುತ್ತಾನೆ.
ಹಸಿರು ಬೆಳಕೊಂದು ಅವಳ ಹೆಬ್ಬೆರಳ ಮೇಲೆ
ಈ ತುದಿಯಿಂದ ಆ ತುದಿಗೆ ಹರಿದುಹೋಗುತ್ತದೆ.

ಅವಳಿಗೆ ಇಷ್ಟವಾಗುತ್ತಿರಲಿಲ್ಲ.